ತಿದ್ದಿದ ಪೇಟೆಂಟುಗಳ ಎಣಿಕೆ

ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯ ಆಫೀಸಿನಲ್ಲಿ ಮೇಡಂ ನನ್ನ ಹಿರಿಯ ಸಹೋದ್ಯೋಗಿ. ತಪ್ಪಿದ್ದ ಪೇಟೆಂಟನ್ನು ಹಿಂದಿರುಗಿಸಿ, ತಿದ್ದಿಸಿ ಮತ್ತೆ ಪಡೆದವರು ಯಾವ ಊರಲ್ಲಿ ಹೆಚ್ಚೋ ಆ ಊರು ಹೊಸ ಶೋಧದಲ್ಲಿ ಮುಂದು ಎಂಬ ಲೆಕ್ಕದಲ್ಲಿ ನಾವಿಬ್ಬರೂ ಒಂದೊಂದು ಊರಿನ ಅಂಥ ಪೇಟೆಂಟುಗಳನ್ನು ಎಣಿಸುತ್ತಿದ್ದೆವು. ಪ್ರತಿ ಪುಟ ಮುಗಿದಾಗಲೂ ಅವರು ಕನ್ನಡಕ ಒರೆಸಿಕೊಂಡು, "ಇನ್ನೊಂದ್ಸಲ ನೋಡ್ಬಿಡೋಣ" ಎನ್ನುತ್ತಿದ್ದರು.

ಬಾಸ್‌ಗೆ ವರದಿ ಕೊಟ್ಟ ಮರುದಿನವೂ ನೋಡಿದರು. ಬ್ರಿಸ್ಬೇನಿನ ಕೆಲವು ಪೇಟೆಂಟುಗಳನ್ನು ನಾನು ಎರಡೆರಡು ಸಲ ಎಣಿಸಿದ್ದೆ. ಅದೇ ವಾರ ನನ್ನ ವೀಸಾ ಮುಂದುವರಿಸುವ ಪತ್ರಕ್ಕೆ ಬಾಸ್ ಸಹಿ ಹಾಕಬೇಕಿತ್ತು.

"ಯಾರಿಗೂ ಗೊತ್ತಾಗಲ್ಲ ಮೇಡಂ, ಬಿಟ್ಬಿಡಿ" ಎಂದೆ.

"ತಪ್ಪು ತಿದ್ಕೊಂಡವರನ್ನೇ ಎಣಿಸ್ತಾ ಕೂತಿದ್ದೀವಲ್ಲಪ್ಪ, ನಾವೇ ಬಿಟ್ರೆ ಹೇಗೆ?"

ಬಾಸ್‌ಗೆ ತಿದ್ದುಪಡಿ ಪತ್ರ ಬರೆದು, ಕಳಿಸುವ ಮುನ್ನ ನನಗೆ ಓದಲು ಕೊಟ್ಟರು. ಅಂಕಿಗಳೆಲ್ಲ ಸರಿಯಿದ್ದವು. ತಪ್ಪಾಗಿ ಎಣಿಸಿದವರ ಹೆಸರಿನ ಜಾಗದಲ್ಲಿ ಮಾತ್ರ ತಮ್ಮದನ್ನು ಬರೆದಿದ್ದರು.

ಇನ್ನೊಂದ್ಸಲ ನೋಡ್ಬಿಡೋಣ ಎಂದು ನಾನು ಹೇಳಲಿಲ್ಲ.