ಲೇಸರಿಗೆ ಎತ್ತಿದ ಆರತಿ

ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿದ್ದಾಳೆ. ಅಜ್ಜಿ ಹಬ್ಬಕ್ಕೆ ಶುಭಾಶಯ ಕಳಿಸಲಿ ಎಂದು ಕಲಿಸಿದ್ದು. ನಾನು ಬೈಯುವುದಕ್ಕೆ ಬಳಸುತ್ತಿದ್ದೇನೆ.

ಎಂಬತ್ತರ ದಶಕದಲ್ಲಿ ನಮ್ಮ ಮನೆ ಚೆಂಬೂರಿನಲ್ಲಿತ್ತು. ಸ್ಟಾಫ್ ಬಸ್ಸಿನಲ್ಲಿ ಹೋದರೆ ನಾನು ಕೆಲಸ ಮಾಡುತ್ತಿದ್ದ ಲೇಸರ್ ಲ್ಯಾಬ್. ಗಾಳಿ ಹೀರಿ ತೆಗೆದ ಉಕ್ಕಿನ ಡಬ್ಬಿಯೊಳಗೆ ಒಂದು ಚೂರು ಆರ್ಗಾನ್ ಅನಿಲ ಬಿಡುತ್ತಿದ್ದೆವು. ಆ ಕ್ಷಣವೇ ಲೇಸರಿನ ಬೆಳಕನ್ನು ಸೂಜಿಮೊನೆಯಷ್ಟು ಮಾಡಿ ಅದಕ್ಕೆ ಹೊಡೆಯುತ್ತಿದ್ದೆವು. ಆಗ ಅನಿಲದಿಂದ ಬೇರೆಯೇ ಬೆಳಕು ಹುಟ್ಟುತ್ತದೆ. ಹೊಡೆದ ಬೆಳಕಿಗಿಂತ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ವೇಗವಾಗಿ ಕಂಪಿಸುವ ಬೆಳಕು. ಕಣ್ಣಿಗೆ ಕಾಣದು, ಫಿಲ್ಮಿನ ಮೇಲೆ ಸಾಲುಗೆರೆಗಳಾಗಿ ಮೂಡುತ್ತದೆ. ಪುಸ್ತಕದ ಲೆಕ್ಕದಲ್ಲಿ ಪ್ರತಿ ಗೆರೆಯೂ ಹಿಂದಿನದಕ್ಕಿಂತ ಮಂಕಾಗುತ್ತ ಬೇಗ ಅಳಿಸಿಹೋಗಬೇಕು.

ಒಂದು ಮಧ್ಯಾಹ್ನ ನಾನು ತೊಳೆದ ಫಿಲ್ಮಿನಲ್ಲಿ ಅವು ಅಳಿಸಿಹೋಗಲಿಲ್ಲ. ಮೊದಲ ಕೆಲವು ಮಂಕಾದವು. ಆಮೇಲಿನವು ಒಂದರ ಪಕ್ಕ ಒಂದು, ಮಂಕಾಗದೆ ಒಂದೇ ಹದದಲ್ಲಿ ನಿಂತಿದ್ದವು.

ನಮ್ಮ ಸಾಹೇಬರು ಮೈಸೂರಿನ ಕಡೆಯವರು. ಫಿಲ್ಮನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದರು. “ಒಂದು ಫಿಲ್ಮ್ ನಂಬ್ಕೊಂಡು ಪೇಪರ್ ಬರೆಯೋಕಾಗಲ್ಲ ಕಣ್ರೀ. ಇನ್ನೊಂದ್ಸಲ ತೋರ್ಸಿ, ಮೊದಲ ಹೆಸರು ನಿಮ್ದೇ ಹಾಕೋಣ.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಅದೇ ನನಗೆ ಸಂಕಟ. ಅಷ್ಟು ವರ್ಷ ನನ್ನ ಹೆಸರು ಪೇಪರಿನ ಕೊನೆಯ ಸಾಲಿನಲ್ಲಿ, ಧನ್ಯವಾದಗಳ ಜೊತೆ ಬರುತ್ತಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ವರ್ಷವೂ ಕಾರಿಡಾರಿನಲ್ಲಿ ಸ್ಪ್ಯಾನರು, ಸ್ಕ್ರೂಡ್ರೈವರುಗಳಿಗೆ ಕುಂಕುಮವಿಟ್ಟು ಮುಗಿಸುತ್ತಿದ್ದೆವು. ಆ ವರ್ಷ ದೊಡ್ಡ ಸಾಹೇಬರು ಬರುವವರಿದ್ದರು, ಹಾಗಾಗಿ ಪೂಜೆ ಲೇಸರಿಗೇ ಆಗಬೇಕು ಎಂದಾಯಿತು. ನಮ್ಮ ಸಾಹೇಬರು ಲೇಸರಿನ ಬೆಳಕನ್ನು ತಿರುಗಿಸುವ ಕನ್ನಡಿಗಳ ಮುಚ್ಚಳ ತೆಗೆಸಿದರು, ಹಾರ ಹಾಕಿಸಿದರು. ಹೆಂಗಸು ನಾನೊಬ್ಬಳೇ ಆದ್ದರಿಂದ ಆರತಿತಟ್ಟೆ ನನ್ನ ಕೈಗೆ ಬಂತು.

ನನ್ನ ತವರು ಧಾರವಾಡ. ಮಾತು ಗಂಟಲಲ್ಲಿ ನಿಲ್ಲುವ ಜಾತಿಯಲ್ಲ. “ಸರ್, ಕರ್ಪೂರದ ಹೊಗಿ ಕನ್ನಡಿಗೆ ಹತ್ತತೈತ್ರಿ. ಹೊರಗ ಮಾಡೂಣು,” ಎಂದೆ.

“ದೇವರ ಹೊಗೆ ಮ್ಯಾಡಮ್. ಏನೂ ಆಗಲ್ಲ, ಎತ್ತಿ,” ಎಂದರು ನಮ್ಮ ಸಾಹೇಬರು.

ಎತ್ತಿದೆ. ಎಲ್ಲರೂ ಪೇಢಾ ತಿಂದರು. ಕನ್ನಡಿ ಒರೆಸಲು ಮರುದಿನ ಒಂದು ಬೆಳಗ್ಗೆ ಕೊಡಿ ಎಂದು ಕೇಳಿದೆ. ವಿಜಯದಶಮಿಯ ಮೊದಲ ಶಾಟ್ ಮುಹೂರ್ತಕ್ಕೇ ಬೀಳಬೇಕಂತೆ, ಕೊಡಲಿಲ್ಲ.

ಮುಹೂರ್ತಕ್ಕೆ ಸರಿಯಾಗಿ ಲೇಸರ್ ಹೊಡೆದೆವು. ಸಾಸಿವೆ ಸಿಡಿದ ಹಾಗೆ ಒಂದು ಚಟ್. ಮಸಿ ಕೂತಲ್ಲೆಲ್ಲ ಅಷ್ಟು ಉಗ್ರ ಬೆಳಕಿಗೆ ಕಾದು, ಕನ್ನಡಿಯ ಲೇಪ ಸುಟ್ಟು ಕಪ್ಪು ಗುಳಿ ಬಿದ್ದಿತ್ತು. ಆ ಕನ್ನಡಿ ಹೊರದೇಶದಿಂದಲೇ ಬರಬೇಕು, ಅದಕ್ಕೆ ಮೊದಲು ದೆಹಲಿಯ ಒಪ್ಪಿಗೆ ಬರಬೇಕು.

ದೊಡ್ಡ ಸಾಹೇಬರು ಇದು ಹೇಗಾಯಿತು ಎಂದು ಕೇಳಿದರು. ನಮ್ಮ ಸಾಹೇಬರು ನನ್ನ ಕಡೆ ನೋಡಲೂ ಇಲ್ಲ.

“ಆರತಿ ಎತ್ತಿದ್ದು ಮ್ಯಾಡಮ್, ಸರ್.”

ಸುಳ್ಳೇನಲ್ಲವಲ್ಲ.

ಹೊಸ ಕನ್ನಡಿ ಬರುವ ಮೊದಲೇ ಹಡಗಿನಲ್ಲಿ ಜರ್ನಲ್ ಬಂತು. ಹೊರದೇಶದವರು ಅದೇ ಗೆರೆಗಳನ್ನು, ಅದೇ ಹದದಲ್ಲಿ ನಿಂತದ್ದನ್ನು ಅಚ್ಚು ಹಾಕಿಸಿದ್ದರು. ಸಾಹೇಬರು ನನ್ನ ಮೇಜಿನ ಮೇಲಿಟ್ಟು, “ನಿಮ್ಮ ಫಿಲ್ಮ್ ಸರಿಯಾಗೇ ಇತ್ತು,” ಎಂದು ಚಹಾಕ್ಕೆ ಹೋದರು. ಕನ್ನಡಿ ಬಂದ ಮೇಲೆ ನನ್ನನ್ನು ಲೈಬ್ರರಿಗೆ ಹಾಕಿದರು. ಜರ್ನಲುಗಳಿಗೆ ಸಿಕ್ಕೆ ಒತ್ತುವ ಕೆಲಸ.

ಆ ಗೆರೆಗಳನ್ನೆಲ್ಲ ಒಟ್ಟು ಕೂಡಿಸಿದರೆ ಎಲೆಕ್ಟ್ರಾನಿನ ಓಟವನ್ನೇ ಹಿಡಿಯುವಷ್ಟು ಚಿಕ್ಕ ಬೆಳಕಿನ ಮಿಡಿತ ಆಗುತ್ತದಂತೆ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಓದಿ ಹೇಳಿದಳು.

“ಅಜ್ಜಿ, ಮತ್ಲಬ್ ಅವರಿಗಿಂತ ಪೆಹಲೇ ನೀನು ನೋಡಿದ್ದಾ?”

“ನೋಡಿದ್ನೆವ್ವಾ. ಆಮ್ಯಾಲೆ ಮಂಗಳಾರತಿ ಮಾಡಿ ಕಳಿಸಿದೆ.”

ಈ ಸಲದ ಆಯುಧಪೂಜೆಗೆ ಸೊಸೆ ಮಿಕ್ಸರು, ಸ್ಕೂಟರು ಎಲ್ಲಕ್ಕೂ ಕುಂಕುಮವಿಟ್ಟು ಹಿರಿಯರು ಎಂದು ತಟ್ಟೆ ನನ್ನತ್ತ ಚಾಚಿದಳು. ನಾನು ಫೋನಿನ ಕ್ಯಾಮೆರಾವನ್ನು ಸೆರಗಿನಿಂದ ಒರೆಸಿ, ಫೋನನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ಆರತಿ ಮಗ ಎತ್ತಿದ.