ಹುಣಸೆ ಸಂಘದ ಅರ್ಜಿ

ಕೂಡ್ಲಿಗಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ ಗುಡೇಕೋಟೆ ಕಡೆಯ ಹೆಂಗಸೊಬ್ಬರ ಅರ್ಜಿಯನ್ನು ನಾನು ಮೂರು ಸಲ ವಾಪಸು ಕಳಿಸಿದ್ದೆ. ಅವರದು ಹುಣಸೆಹಣ್ಣಿನ ಸಂಘ. ಗಂಡ ಸತ್ತವರು, ಗಂಡ ಬಿಟ್ಟವರು, ಕಣ್ಣು ಕಾಣದ ಒಬ್ಬ ಅಜ್ಜಿ, ಹೀಗೆ ಹನ್ನೆರಡು ಮಂದಿ ಸೇರಿ ಹಣ್ಣು ಬಡಿದು, ಬೀಜ ತೆಗೆದು ಮಾರುತ್ತಿದ್ದರು. ಸರ್ಕಾರಿ ಹಾಸ್ಟೆಲುಗಳಿಗೆ ಹುಣಸೆ ಪೂರೈಸಲು ಅವಕಾಶ ಕೇಳಿದ್ದರು.

ಮೊದಲ ಸಲ ಹಿಂದಿನ ಅನುಭವದ ಪತ್ರ ಇಲ್ಲವೆಂದೆ. ಎರಡನೆಯ ಸಲ ಒಂದು ರುಜು ತಪ್ಪಿತ್ತು. ಮೂರನೆಯ ಸಲ, ನಿಮ್ಮದು ವ್ಯಾಪಾರವೋ ಧರ್ಮಕಾರ್ಯವೋ, ಒಂದನ್ನು ಬರೆಯಿರಿ ಎಂದೆ. ದುಡಿಯಲಾಗದ ಸದಸ್ಯರಿಗೂ ಅವರು ಪಾಲು ಕೊಡುತ್ತಿದ್ದರು. ನಮ್ಮ ನಮೂನೆಯಲ್ಲಿ ಅಂಥದ್ದಕ್ಕೆ ಜಾಗವಿರಲಿಲ್ಲ.

ಆಕೆ ಸಿಟ್ಟಾಗಲಿಲ್ಲ. "ಅದನ್ನ ಧರ್ಮ ಅನಬ್ಯಾಡ್ರಿ ಸಾಹೇಬ್ರ. ಅವ್ರೂ ಕೈಲಾದಾಗ ದುಡದಾರ," ಎಂದು ಕಾಗದ ಮಡಚಿಕೊಂಡು ಹೋದರು.

ಆ ಮಾತು ನನ್ನನ್ನು ಬಿಡಲಿಲ್ಲ. ಮರುವಾರ ಪರಿಶೀಲನೆಯ ನೆಪ ಮಾಡಿ ಅವರೂರಿಗೆ ಹೋದೆ. ಕಣ್ಣು ಕಾಣದ ಅಜ್ಜಿ ಬೆರಳಲ್ಲೇ ತಡವಿ ಬೀಜ, ನಾರು ಬೇರೆ ಮಾಡುತ್ತಿದ್ದರು. ಯಾರೋ ಬಂದರೆಂದು ತಿಳಿದು ಸರಿದು ಕೂತು, ಚಾಪೆಯ ಅರ್ಧ ನನಗೆ ಬಿಟ್ಟರು. ಅಲ್ಲಿ ಕೂರಲು ನನಗೆ ನಾಚಿಕೆಯಾಯಿತು.

ಕಚೇರಿಗೆ ಮರಳಿ, ಇಂಥ ಸಂಘಗಳಿಗೆ ಅನುಭವದ ಷರತ್ತು ಸಡಿಲಿಸಬೇಕು, ದುಡಿಯಲಾಗದವರಿಗೆ ಪಾಲು ಕೊಡುವುದನ್ನೂ ಒಪ್ಪಬೇಕು ಎಂದು ಟಿಪ್ಪಣಿ ಬರೆದೆ. ಅಧಿಕಾರಿಗಳು ರುಜು ಮಾಡಿ ಮೇಲಕ್ಕೆ ಕಳಿಸಿದರು. ಆದೇಶ ಬರುವಷ್ಟರಲ್ಲಿ ಎರಡು ಹುಣಸೆ ಸುಗ್ಗಿ ಕಳೆದಿದ್ದವು.

ನಾನೇ ಹೋಗಿ ತಿಳಿಸಿದೆ. ಅಲ್ಲಿ ಉಳಿದಿದ್ದವರು ಐದೇ ಮಂದಿ. ಆರು ಜನ ಕಾಫಿ ತೋಟದ ಕೂಲಿಗೆ ಹೋಗಿದ್ದರು. ಅಜ್ಜಿ ಕೊಟ್ಟೂರಿನ ತಂಗಿಯ ಮನೆಯಲ್ಲಿ ತೀರಿಕೊಂಡಿದ್ದರು. ಅರ್ಜಿ ತಂದಿದ್ದ ಆ ಹೆಂಗಸು ಆದೇಶವನ್ನು ನನ್ನಿಂದ ಎಲ್ಲರಿಗೂ ಕೇಳುವಂತೆ ಎರಡು ಸಲ ಓದಿಸಿದರು. ಸದಸ್ಯರ ಪಟ್ಟಿ ಹೊಸದಾಗಿ ಬರೆಯಬೇಕೆಂದು ನಾನು ಹೇಳಿದಾಗ ಹಳೆಯ ಪಟ್ಟಿ ತಂದು ಮುಂದಿಟ್ಟರು.

"ಹೋದವ್ರ ಹೆಸ್ರೂ ಬರೀರಿ. ತಿರುಗಿ ಬಂದ್ರ ಅವ್ರಿಗೆ ಜಾಗ ಇರಬೇಕು."

ಬರೆದೆ. ಈಗ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಹಾಸ್ಟೆಲುಗಳಿಗೆ ಅವರದೇ ಹುಣಸೆ ಹೋಗುತ್ತದೆ. ಕೂಲಿಗೆ ಹೋದವರಲ್ಲಿ ನಾಲ್ವರು ಮರಳಿದ್ದಾರೆ, ಇಬ್ಬರ ಸುದ್ದಿಯಿಲ್ಲ. ಸಭೆಗಳಲ್ಲಿ ಈ ಆದೇಶವನ್ನು ನಮ್ಮ ಕಚೇರಿಯ ಸಾಧನೆ ಎಂದು ಹೊಗಳುವಾಗ ನಾನು ತಲೆ ತಗ್ಗಿಸಿ ಕೂತಿರುತ್ತೇನೆ.