ಯಾರೂ ತರಿಸದ ಐಸ್

ದೆವ್ವ, ಶಕುನ ಎಂದವರನ್ನೆಲ್ಲ ಗೇಲಿ ಮಾಡಿಕೊಂಡೇ ಹದಿನಾರು ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದಿನ ಏಪ್ರಿಲ್. ಜಕ್ಕೂರಿನ ಒಂದು ಸಣ್ಣ ನರ್ಸಿಂಗ್ ಹೋಂನಲ್ಲಿದ್ದೆ. ಮಧ್ಯಾಹ್ನ ಎರಡು ಗಂಟೆಗೆ, ಜ್ಯೂಸ್ ಅಂಗಡಿಗಳಿಗೆ ಐಸ್ ಹಾಕುವ ಮುನಿರಾಜು ಬಾಗಿಲಿಗೆ ಬಂದ. ಮೊಪೆಡ್ ಮೇಲೆ ಗೋಣಿ ಸುತ್ತಿದ ಎರಡು ದೊಡ್ಡ ಗಡ್ಡೆ.

“ಸಿಸ್ಟರ್, ನಿಮ್ ಐಸು. ಎಲ್ಲಿ ಇಳಿಸ್ಲಿ?”

“ನಾವ್ಯಾರೂ ಹೇಳಿಲ್ಲಪ್ಪ. ತಗೊಂಡೋಗು.”

“ಈಗ್ತಾನೆ ಒಬ್ಬ ಬಂದು, ಆಸ್ಪತ್ರೆಗೆ ಬೇಗ ಬೇಕು ಅಂದ ಕಣ್ರೀ!”

ಸಿಟ್ಟು ನೆತ್ತಿಗೇರಿ ಚೆನ್ನಾಗಿಯೇ ಬೈದೆ. ಅವನು ಗೊಣಗುತ್ತಾ ಮೊಪೆಡ್ ತಿರುಗಿಸುವಷ್ಟರಲ್ಲಿ ಒಂದು ಆಟೊ ಬಂದು ನಿಂತಿತು.

ಒಳಗೆ ಗಾರೆ ಕೆಲಸದ ಹನುಮಂತ. ಕೊಪ್ಪಳದ ಕಡೆಯವನು, ಇನ್ನೂ ಇಪ್ಪತ್ತೈದೂ ಆಗಿರಲಿಲ್ಲವೇನೋ. ಪ್ರಜ್ಞೆ ಇಲ್ಲ, ಕೈಕಾಲು ಅದುರುತ್ತಿವೆ. ಚಳಿಜ್ವರವೆಂದುಕೊಂಡು ಜೊತೆಯ ಮೂವರು ಅವನಿಗೆ ಕಂಬಳಿ ಹೊದಿಸಿದ್ದರು! ಅದನ್ನು ಕಿತ್ತೆಸೆದು ಜ್ವರ ನೋಡಿದರೆ ನೂರೇಳು ಡಿಗ್ರಿ ದಾಟಿತ್ತು.

“ಬಿಸ್ಲು ಬಡ್ದಿದೆ, ದೊಡ್ಡಾಸ್ಪತ್ರೆಗೆ ಸಾಗ್ಸೋಷ್ಟು ಟೈಮಿಲ್ಲ. ಮೊದ್ಲು ಇಲ್ಲೇ ಮೈ ತಣ್ಣಗೆ ಮಾಡ್ಬೇಕು. ಅರ್ಧ ಗಂಟೆ ಮೀರಿದ್ರೆ ಕಷ್ಟ,” ಎಂದರು ಡಾಕ್ಟರಮ್ಮ.

ಮುನಿರಾಜುವನ್ನು ಕೂಗಿ ನಿಲ್ಲಿಸಿದೆ. ನಮ್ಮಲ್ಲಿ ಟಬ್ ಇರಲಿಲ್ಲ. ಆಟೊ ಡ್ರೈವರು ಕಾಂಪೌಂಡಿಗೆ ಕಟ್ಟಿದ್ದ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬಿಚ್ಚಿ ತಂದ. ಅದರಲ್ಲಿ ಹನುಮಂತನನ್ನು ಮಲಗಿಸಿ, ನಾಲ್ವರು ನಾಲ್ಕು ಮೂಲೆ ಎತ್ತಿ ಹಿಡಿದರು. ನಾನು ನೀರು ಸುರಿದು ಐಸ್ ಚೂರು ತುಂಬಿದೆ. ತೊಟ್ಟಿಲಿನಂತೆ ತೂಗಿದರು. ನನ್ನ ಬೆರಳು ಮರಗಟ್ಟಿದವು. ಜ್ವರ ಇಳಿಯಲೊಲ್ಲದು. ನಮ್ಮ ಕೈಯಲ್ಲೇ ಹೋಗಿಬಿಡುತ್ತಾನೆ ಎಂದುಕೊಂಡೆ. ಕೊನೆಗೆ ಒಂದೊಂದೇ ಡಿಗ್ರಿ ಇಳಿದು, ನೂರೆರಡಕ್ಕೆ ಡಾಕ್ಟರಮ್ಮ “ಸಾಕು” ಎಂದಾಗ ಹನುಮಂತ ಕಣ್ಣು ಬಿಟ್ಟ. “ಯವ್ವಾ, ಥಂಡಿ,” ಎಂದ. ನಾನು ಅತ್ತುಬಿಟ್ಟೆ.

ಅಷ್ಟು ಹೊತ್ತೂ ಹೊರಗೆ ಕೂತು ಐಸ್ ಒಡೆದುಕೊಟ್ಟ ಮುನಿರಾಜು ಆಗ ಒಳಗೆ ಬಂದ. ಹನುಮಂತನ ಮುಖ ನೋಡಿ ಹಾಗೇ ನಿಂತ.

“ಸಿಸ್ಟರ್, ಇವ್ನೇ ಕಣ್ರೀ ಬಂದು ಹೇಳಿದ್ದು.”

“ಏ, ಇಲ್ರೀ,” ಎಂದ ಜೊತೆಯವರಲ್ಲೊಬ್ಬ. “ಮುಂಜಾನಿಂದ ಮೂರನೇ ಅಂತಸ್ತಿನ್ಯಾಗ ನಮ್ ಜೋಡೀನ ಇದ್ದ. ಕೆಳಗ ಇಳದೇ ಇಲ್ಲ.”

ಹನುಮಂತನಿಗೂ ಏನೂ ನೆನಪಿರಲಿಲ್ಲ. ಯಾರನ್ನೋ ನೋಡಿ ಇವನೆಂದುಕೊಂಡಿರಬೇಕು ಎಂದು ಮುನಿರಾಜುವಿನ ಜೊತೆ ಎಷ್ಟೋ ಸಲ ವಾದ ಮಾಡಿದ್ದೇನೆ. ಅವನು ಮಗಳ ಮೇಲೆ ಆಣೆ ಇಡುತ್ತಾನೆ. ಇರಲಿ, ಹಾಗಾದರೆ ಐಸ್ ಹೇಳಿದವರು ಯಾರು? ನನಗೆ ಗೊತ್ತಿಲ್ಲ.

ಈಗಲೂ ಬೇಸಿಗೆಯ ಮಧ್ಯಾಹ್ನ ಮೊಪೆಡ್ ಸದ್ದಾದರೆ ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಹೋಗಿ ನೋಡುತ್ತೇನೆ. ಆ ಆಟೊ ಇನ್ನೆರಡು ನಿಮಿಷ ತಡವಾಗಿದ್ದರೆ, ಮುನಿರಾಜುವನ್ನು ಬೈದು ಆ ಐಸನ್ನು ವಾಪಸ್ ಕಳಿಸಿದವಳು ನಾನೇ ಆಗಿರುತ್ತಿದ್ದೆ.